ಹೊಸ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಎಜುಕೇಶನ್ ಹಾಕಲು ಹೋದರೆ ಮತ್ತೆ ಹೋಮ್ ಆಗಿಯೇ ಕೂರುತ್ತಿದೆ

ಘಟ್ಟದ ಹುಡುಗ:
ಎಲ್ಲರಿಗೂ ನಮಸ್ಕಾರ. ಹೊಸ ಲ್ಯಾಪ್‌ಟಾಪ್ ತಗೊಂಡೆ. ಇಂಟೆಲ್ 13ನೇ ಜನರೇಷನ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ಅಂಗಡಿಯಿಂದ ಬರುವಾಗಲೇ ವಿಂಡೋಸ್ 11 ಹೋಮ್ ಸಿಂಗಲ್ ಲ್ಯಾಂಗ್ವೇಜ್ ಇತ್ತು. ಕಾಲೇಜಿನ ಐಡಿಯಲ್ಲಿ ಲಾಗಿನ್ ಆದರೆ ನಮಗೆ ಎಜುಕೇಶನ್ ಕೀ (ವಿಂಡೋಸ್ ಆಕ್ಟಿವೇಟ್ ಮಾಡುವ ಲೈಸೆನ್ಸ್ ಸಂಖ್ಯೆ) ಉಚಿತವಾಗಿ ಸಿಗುತ್ತದೆ, ಹಾಗಾಗಿ ಪೆನ್‌ಡ್ರೈವ್ ಮಾಡಿಕೊಂಡು ಎಲ್ಲ ಅಳಿಸಿ ಹೊಸದಾಗಿ ಹಾಕೋಣ ಅಂತ ಕೂತೆ.

ಮೊದಲು ಡಿಸ್ಕೇ ಕಾಣಿಸಲಿಲ್ಲ. ಡ್ರೈವರ್ ಲೋಡ್ ಮಾಡಿ ಅಂತ ಹೇಳಿ ಸುಮ್ನೆ ನಿಂತುಬಿಟ್ಟಿತು. ಯಾವುದೋ ವಿಡಿಯೋ ನೋಡಿ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ಸ್) ವಿಎಂಡಿ (ಡಿಸ್ಕ್ ನೋಡಿಕೊಳ್ಳುವ ಇಂಟೆಲ್ ಸೌಲಭ್ಯ) ಆಫ್ ಮಾಡಿದ ಮೇಲೆ ಕಾಣಿಸಿತು. ಆಮೇಲೆ ನೋಡಿದರೆ ಕೀ ಕೇಳಲೇ ಇಲ್ಲ, ಯಾವ ಎಡಿಷನ್ ಬೇಕು ಅಂತಲೂ ಕೇಳಲಿಲ್ಲ, ಸೀದಾ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಬಂದು ಕೂತಿತು. ಸೆಟ್ಟಿಂಗ್ಸ್‌ನಲ್ಲಿ ಕೀ ಬದಲಿಸಲು ಹೋದರೆ 0ಎಕ್ಸ್‌ಸಿ004ಎಫ್050 ಅಂತ ಎರರ್. ಪೆನ್‌ಡ್ರೈವ್‌ನಲ್ಲಿ ಎಜುಕೇಶನ್ ಇಲ್ವಾ? ಬೇರೆ ಐಎಸ್ಒ (ವಿಂಡೋಸ್ ಹಾಕಲು ಇಳಿಸಿಕೊಳ್ಳುವ ಫೈಲ್) ಹುಡುಕಬೇಕಾ?

ಲ್ಯಾಬ್ ಮೇಷ್ಟ್ರು:
ಬೇರೆ ಐಎಸ್ಒ ಬೇಡ. ಮೈಕ್ರೋಸಾಫ್ಟ್ ಸೈಟಿನಿಂದ ಇಳಿಸಿಕೊಳ್ಳುವ ಮಾಮೂಲಿ ಐಎಸ್ಒದಲ್ಲೇ ಹೋಮ್, ಪ್ರೋ, ಎಜುಕೇಶನ್ ಎಲ್ಲ ಒಟ್ಟಿಗೆ ಇರುತ್ತವೆ. ಕಂಡಕಂಡ ಸೈಟಿನಿಂದ 'ಎಜುಕೇಶನ್ ಐಎಸ್ಒ' ಅಂತ ಇಳಿಸಲು ಹೋಗಬೇಡಿ ಮಾರಾಯ್ರೆ.

ನಿಮಗೆ ಆಗಿದ್ದು ಇಷ್ಟು. ವಿಂಡೋಸ್ ಜೊತೆಗೇ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಕಂಪನಿಯವರು ಆ ಎಡಿಷನ್ನಿನ ಕೀಯನ್ನು ಮದರ್‌ಬೋರ್ಡಿನ ಫರ್ಮ್‌ವೇರ್ (ಬೋರ್ಡಿನ ಚಿಪ್‌ನಲ್ಲೇ ಇರುವ ಸಾಫ್ಟ್‌ವೇರ್) ಒಳಗೇ ಬರೆದು ಕಳಿಸುತ್ತಾರೆ. ಹಿಂದೆಲ್ಲ ತಳದಲ್ಲಿ ಸ್ಟಿಕರ್ ಅಂಟಿಸುತ್ತಿದ್ದರಲ್ಲ, ಅದರ ಬದಲಿಗೆ ಇದು. ಇನ್‌ಸ್ಟಾಲ್ ಶುರುವಾದ ಕೂಡಲೇ ಸೆಟಪ್ ಆ ಕೀ ನೋಡುತ್ತದೆ, ಓಹೋ ಇದು ಹೋಮ್ ಸಿಂಗಲ್ ಲ್ಯಾಂಗ್ವೇಜ್ ಯಂತ್ರ ಅಂತ ತಾನೇ ತೀರ್ಮಾನಿಸಿ ನಿಮ್ಮನ್ನು ಏನೂ ಕೇಳದೆ ಮುಂದೆ ಹೋಗುತ್ತದೆ. ನೂರು ಸಲ ಫಾರ್ಮ್ಯಾಟ್ ಮಾಡಿದರೂ ಅದೇ ಕಥೆ, ಯಾಕೆಂದರೆ ಡಿಸ್ಕ್ ಅಳಿಸಿದರೆ ಫರ್ಮ್‌ವೇರ್ ಅಳಿಯುವುದಿಲ್ಲ.

ನಿಜ ಹೇಳಬೇಕೆಂದರೆ ಫಾರ್ಮ್ಯಾಟ್ ಮಾಡುವ ಅಗತ್ಯವೇ ಇರಲಿಲ್ಲ. ಹೋಮ್‌ನಿಂದ ಎಜುಕೇಶನ್‌ಗೆ ಹೋಗಲು ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್, ಅಲ್ಲಿ ಕೀ ಬದಲಿಸಿ ರೀಸ್ಟಾರ್ಟ್ ಮಾಡಿದರೆ ಮುಗಿಯಿತು. ಫೈಲುಗಳು ಎಲ್ಲೂ ಹೋಗುವುದಿಲ್ಲ.

ಈಗ ಎರರ್ ವಿಷಯ. ಆ ಕೋಡ್ ಬಂದರೆ ಕೀಯನ್ನು ಆ ವಿಂಡೋಸ್ ಒಪ್ಪುತ್ತಿಲ್ಲ ಅಂತ ಅರ್ಥ. ಕೀ ಪಡೆದ ಪುಟಕ್ಕೆ ಮತ್ತೆ ಹೋಗಿ ಹೆಸರನ್ನು ಪೂರ್ತಿ ಓದಿ ಹೇಳಿ. ಬರೀ 'ಎಜುಕೇಶನ್' ಅಂತ ಇದೆಯಾ, 'ಎಜುಕೇಶನ್ ಎನ್' ಅಂತ ಇದೆಯಾ?

ಇನ್ನೊಂದು, ವಿಎಂಡಿ ಈಗ ಆಫ್ ಇದ್ದರೆ ಹಾಗೇ ಇರಲಿ. ಆಫ್ ಇಟ್ಟು ವಿಂಡೋಸ್ ಹಾಕಿ ಆಮೇಲೆ ಆನ್ ಮಾಡಿದರೆ ಬೂಟ್ ಆಗದೆ ನೀಲಿ ಪರದೆ ಬರುವ ಸಾಧ್ಯತೆ ಜಾಸ್ತಿ. ಮುಂದಿನ ಸಲ ಬಯಾಸ್ ಮುಟ್ಟುವ ಬದಲು ಇಂಟೆಲ್ ಆರ್‌ಎಸ್‌ಟಿ ಡ್ರೈವರ್ (ಸೆಟಪ್‌ಗೆ ಡಿಸ್ಕ್ ಕಾಣಿಸುವಂತೆ ಮಾಡುವುದು) ಇಳಿಸಿಕೊಂಡು, ಅದರೊಳಗಿನ ಫೈಲುಗಳನ್ನು ಬಿಚ್ಚಿ, ಅದೇ ಪೆನ್‌ಡ್ರೈವ್‌ನ ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. 'ಲೋಡ್ ಡ್ರೈವರ್' ಒತ್ತಿ ಆ ಫೋಲ್ಡರ್ ತೋರಿಸಿದರೆ ಡಿಸ್ಕ್ ಬರುತ್ತದೆ. 11ನೇ ಜನರೇಷನ್ನಿನಿಂದ ಈಚಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಇದು ಮಾಮೂಲಿ ಕಾಟ. ಎಸ್‌ಎಸ್‌ಡಿ ಕೆಟ್ಟಿದೆ ಅಂತ ಸರ್ವಿಸ್ ಸೆಂಟರ್‌ಗೆ ಓಡುವವರನ್ನೂ ನೋಡಿದ್ದೇನೆ.

ಮಧ್ಯರಾತ್ರಿ ಕೋಡರ್:
ಗುರು, ಮಧ್ಯೆ ಬಾಯಿ ಹಾಕ್ತೀನಿ. ಎಜುಕೇಶನ್ ಯಾಕೆ ಬೇಕು ಅಂತ ಮೊದಲು ಯೋಚನೆ ಮಾಡು. ಹೈಪರ್-ವಿ (ಒಂದೇ ಯಂತ್ರದೊಳಗೆ ಇನ್ನೊಂದು ವರ್ಚುವಲ್ ಯಂತ್ರ ಓಡಿಸೋದು), ಗ್ರೂಪ್ ಪಾಲಿಸಿ (ಯಂತ್ರದ ನಿಯಮಗಳನ್ನು ಒಂದೇ ಕಡೆ ಹೊಂದಿಸೋದು), ಬೇರೆ ಕಡೆಯಿಂದ ನಿನ್ನ ಯಂತ್ರಕ್ಕೆ ರಿಮೋಟ್ ಡೆಸ್ಕ್‌ಟಾಪ್, ಪೂರ್ತಿ ಬಿಟ್‌ಲಾಕರ್ (ಡಿಸ್ಕ್‌ಗೆ ಹಾಕುವ ಬೀಗ), ಇವು ಹೋಮ್‌ನಲ್ಲಿ ಇಲ್ಲ. ಇವು ಬೇಕಾದರೆ ಸರಿ. ಬರೀ ಲಿನಕ್ಸ್ ಕಮಾಂಡು, ಡಾಕರ್ ಅಂತಿದ್ದರೆ ಡಬ್ಲ್ಯುಎಸ್ಎಲ್ 2 (ವಿಂಡೋಸ್ ಒಳಗೇ ಲಿನಕ್ಸ್ ಓಡಿಸೋದು) ಹೋಮ್‌ನಲ್ಲೇ ಓಡುತ್ತೆ.

ಆಮೇಲೆ, ಲ್ಯಾಪ್‌ಟಾಪ್ ಜೊತೆ ಆಫೀಸ್ ಹೋಮ್ ಆ್ಯಂಡ್ ಸ್ಟೂಡೆಂಟ್ ಬಂದಿತ್ತಾ? ಫಾರ್ಮ್ಯಾಟ್‌ಗೆ ಮೊದಲು ವರ್ಡ್ ತೆರೆದು ನಿನ್ನ ಸ್ವಂತ ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆಗಿದ್ದರೆ ಆಫೀಸ್ ಆ ಖಾತೆಗೆ ಸೇರಿರುತ್ತೆ, ಅಲ್ಲಿಂದಲೇ ಮತ್ತೆ ಇಳಿಸಿಕೊಳ್ಳಬಹುದು. ಕಾಲೇಜು ಖಾತೆಗೆ ಮಾತ್ರ ಅಂಟಿಸಬೇಡ, ಪಾಸಾದ ಮೇಲೆ ಆ ಖಾತೆ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಘಟ್ಟದ ಹುಡುಗ:
ಆಫೀಸ್ ಮೊದಲೇ ಸೈನ್ ಇನ್ ಮಾಡಿದ್ದೆ ಅಣ್ಣ, ಬಚಾವ್. ಆಪರೇಟಿಂಗ್ ಸಿಸ್ಟಮ್ ಲ್ಯಾಬ್‌ಗೆ ಹೈಪರ್-ವಿ ಬೇಕೇ ಬೇಕು.

ಮೇಷ್ಟ್ರೇ, ನೀವು ಹೇಳಿದ್ದೇ ಸರಿ. ಪುಟದಲ್ಲಿ 'ವಿಂಡೋಸ್ 11 ಎಜುಕೇಶನ್ ಎನ್' ಅಂತ ಇದೆ. ಅದರ ಕೆಳಗೇ ಎನ್ ಇಲ್ಲದ್ದೂ ಇದೆ. ಏನು ಸರ್ ಈ ಎನ್?

ಲ್ಯಾಬ್ ಮೇಷ್ಟ್ರು:
ಅದು ಯುರೋಪಿನವರ ಜಗಳದ ಫಲ. ವಿಂಡೋಸ್ ಜೊತೆ ಮೀಡಿಯಾ ಪ್ಲೇಯರನ್ನು ಕಟ್ಟಿ ಮಾರುತ್ತಿದ್ದಾರೆ ಅಂತ 2004ರಲ್ಲಿ ಯುರೋಪಿಯನ್ ಕಮಿಷನ್ ಮೈಕ್ರೋಸಾಫ್ಟ್‌ಗೆ ದಂಡ ಹಾಕಿ, ಪ್ಲೇಯರ್ ಇಲ್ಲದ ವಿಂಡೋಸನ್ನೂ ಕೊಡಿ ಅಂದಿತು. ಅವತ್ತು ಹುಟ್ಟಿದ್ದು ಎನ್. ನಮಗೆ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ, ಆಮೇಲೆ ವಿಡಿಯೋ ಓಡಲು ಮೀಡಿಯಾ ಫೀಚರ್ ಪ್ಯಾಕ್ ಬೇರೆ ಹಾಕಿಕೊಳ್ಳಬೇಕು. ಎನ್ ಕೀ ಎನ್ ವಿಂಡೋಸಿಗೆ ಮಾತ್ರ, ನಿಮ್ಮ ಮಾಮೂಲಿ ಹೋಮ್‌ಗೆ ಹಾಕಿದರೆ ಒಪ್ಪುವುದಿಲ್ಲ. ಎನ್ ಇಲ್ಲದ್ದರ ಕೀ ತೆಗೆದು ಹಾಕಿ.

ಘಟ್ಟದ ಹುಡುಗ:
ಆಯ್ತು! ಹೊಸ ಕೀ ಹಾಕಿದೆ, ಶೇಕಡಾ ಲೆಕ್ಕ ಓಡಿತು, ತಾನೇ ರೀಸ್ಟಾರ್ಟ್ ಆಯಿತು. ಈಗ ಆಕ್ಟಿವೇಶನ್ ಪುಟದಲ್ಲಿ ವಿಂಡೋಸ್ 11 ಎಜುಕೇಶನ್, ಕೆಳಗೆ 'ಆಕ್ಟಿವ್'. ಹೈಪರ್-ವಿ ಕೂಡ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಬಂತು. ಮುಂದೆ ಫಾರ್ಮ್ಯಾಟ್ ಮಾಡಬೇಕಾಗಿ ಬಂದರೆ ಮತ್ತೆ ಹೋಮ್ ಆಗಿಯೇ ಬರುತ್ತಾ? ನಾಳೆ ಮಾರಬೇಕು ಅಂದರೆ ಹೋಮ್ ಲೈಸೆನ್ಸ್ ಹೋಯಿತಾ?

ಲ್ಯಾಬ್ ಮೇಷ್ಟ್ರು:
ಹೋಗಿಲ್ಲ, ಫರ್ಮ್‌ವೇರ್‌ನಲ್ಲೇ ಇದೆ. ಮಾರುವ ದಿನ ಸುಮ್ನೆ ಫಾರ್ಮ್ಯಾಟ್ ಮಾಡಿ ಹಾಕಿದರೆ ತಾನಾಗಿ ಹೋಮ್ ಬರುತ್ತದೆ, ಕೊಳ್ಳುವವರಿಗೆ ಅದನ್ನೇ ಕೊಡಿ. ನಿಮಗೇ ಬೇಕಾಗಿ ಫಾರ್ಮ್ಯಾಟ್ ಮಾಡುವುದಾದರೆ ಪೆನ್‌ಡ್ರೈವ್‌ನ 'ಸೋರ್ಸಸ್' ಫೋಲ್ಡರ್ ಒಳಗೆ ನೋಟ್‌ಪ್ಯಾಡಿನಲ್ಲಿ ಪಿಐಡಿ ಅನ್ನುವ ಹೆಸರಿನ ಟೆಕ್ಸ್ಟ್ ಫೈಲ್ ಮಾಡಿ. ಮೊದಲ ಸಾಲಿನಲ್ಲಿ ಚೌಕ ಆವರಣದೊಳಗೆ ಪಿಐಡಿ, ಎರಡನೇ ಸಾಲಿನಲ್ಲಿ ವ್ಯಾಲ್ಯೂ, ಈಕ್ವಲ್ ಚಿಹ್ನೆ, ನಿಮ್ಮ ಕೀ. ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಮಧ್ಯೆ ಜಾಗ ಬಿಡದೆ. ಸೆಟಪ್ ಫರ್ಮ್‌ವೇರ್ ಕೀಗಿಂತ ಮೊದಲು ಈ ಫೈಲನ್ನು ನೋಡುತ್ತದೆ. ಆದರೆ ಪೆನ್‌ಡ್ರೈವನ್ನು ಗೆಳೆಯರಿಗೆ ಕೊಡುವ ಮುಂಚೆ ಆ ಫೈಲ್ ಅಳಿಸಿ, ಇಲ್ಲವಾದರೆ ನಿಮ್ಮ ಕೀ ಹಾಸ್ಟೆಲ್ ಪೂರ್ತಿ ಸುತ್ತುತ್ತದೆ.

ಮಧ್ಯರಾತ್ರಿ ಕೋಡರ್:
ಫಾರ್ಮ್ಯಾಟ್ ಆದ ಮೇಲೆ ವೈಫೈ ಡ್ರೈವರ್ ಇಲ್ಲದೆ ನೆಟ್ ಕೇಳುವ ಪರದೆಯಲ್ಲಿ ಸಿಕ್ಕಿಕೊಂಡರೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡು. ಲ್ಯಾಪ್‌ಟಾಪ್‌ಗೆ ಅದು ವೈರಿನ ನೆಟ್ ಥರ ಕಾಣುತ್ತೆ, ಬೇರೆ ಡ್ರೈವರ್ ಬೇಡ. ಬಿಟ್‌ಲಾಕರ್ ಆನ್ ಇದ್ದರೆ ಬಯಾಸ್ ಮುಟ್ಟುವ ಮೊದಲು 48 ಅಂಕಿಯ ರಿಕವರಿ ಕೀ ಎಲ್ಲಿದೆ ಅಂತ ನೋಡಿಟ್ಟುಕೋ, ಸಾಮಾನ್ಯವಾಗಿ ನಿನ್ನ ಮೈಕ್ರೋಸಾಫ್ಟ್ ಖಾತೆಯಲ್ಲೇ ಇರುತ್ತೆ.