ಗೂಡು ಮಾರಿದ ದುಡ್ಡು ಹೋಗಿದೆ, ಒಟಿಪಿ ಯಾರಿಗೂ ಹೇಳಿಲ್ಲ. ಏನು ಮಾಡಲಿ?

ಪ್ರಶ್ನೆ (ಶಿಡ್ಲಘಟ್ಟ ತಾಲ್ಲೂಕು): ಲಾಯರ್ ಸಾರ್, ನಮಸ್ಕಾರ. ಅಪ್ಪ ರೇಷ್ಮೆ ಗೂಡು ಮಾರಿದ ದುಡ್ಡು ಮೊನ್ನೆ ಖಾತೆಗೆ ಬಂತು. ಅವತ್ತೇ ಊರಿನ ವಾಟ್ಸಾಪ್ ಗ್ರೂಪಿಗೆ ‘ಪಿಎಂ ಕಿಸಾನ್’ ಅಂತ ಒಂದು ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಬಿತ್ತು. ಬಂದಿದ್ದು ಪಕ್ಕದ ಮನೆಯವರ ನಂಬರಿನಿಂದ, ಅದಕ್ಕೇ ಅಪ್ಪ ನಂಬಿ ಒತ್ತಿದರು. ನಿನ್ನೆ ರಾತ್ರಿ ಎರಡು ಸಲಕ್ಕೆ 84,000 ರೂಪಾಯಿ ಹೋಗಿದೆ. ಬ್ಯಾಂಕಿನಲ್ಲಿ ‘ಒಟಿಪಿ ನೀವೇ ಕೊಟ್ಟಿದ್ದೀರಿ’ ಅಂದರು. ಅಪ್ಪ ಯಾರಿಗೂ ಹೇಳಿಲ್ಲ ಅಂತಾರೆ. ನಿನ್ನೆಯಿಂದ ಸರಿಯಾಗಿ ಊಟ ಮಾಡಿಲ್ಲ.

ಉತ್ತರ (ವಕೀಲರು, ಚಿಕ್ಕಬಳ್ಳಾಪುರ): ಅಮ್ಮಾ, ಇದನ್ನು ಪೂರ್ತಿ ಓದುವ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಪಾಸ್‌ಬುಕ್ ಮತ್ತು ದುಡ್ಡು ಕಡಿತವಾದ ಮೆಸೇಜ್ ಎದುರಿಗಿರಲಿ, ವಹಿವಾಟಿನ ನಂಬರ್ ಕೇಳುತ್ತಾರೆ. ದುಡ್ಡು ಯಾವ ಖಾತೆಯಲ್ಲಿ ನಿಂತಿದೆಯೋ ಅಲ್ಲೇ ತಡೆಹಿಡಿಯಲು ಆ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಕಳ್ಳರು ಅದನ್ನು ಖಾತೆಯಿಂದ ಖಾತೆಗೆ ದಾಟಿಸುತ್ತಲೇ ಇರುತ್ತಾರೆ. ಒಂದೊಂದು ಗಂಟೆಯೂ ಮುಖ್ಯ.

ಅಪ್ಪ ಸುಳ್ಳು ಹೇಳುತ್ತಿಲ್ಲ. ಇಂಥ ಆ್ಯಪ್ ಹಾಕಿಕೊಳ್ಳುವಾಗ ಮೆಸೇಜ್ ಓದಲು ಅನುಮತಿ ಕೇಳುತ್ತದೆ. ಒಮ್ಮೆ ಕೊಟ್ಟರೆ ಮುಗೀತು, ಒಟಿಪಿಯನ್ನು ಅದೇ ಓದಿ ಕಳ್ಳರಿಗೆ ಕಳಿಸುತ್ತದೆ. ಆ ಫೋನಿನ ಇಂಟರ್ನೆಟ್ ಆಫ್ ಮಾಡಿ, ಸಿಮ್ ತೆಗೆದಿಡಿ. ಆದರೆ ಆ್ಯಪ್ ಡಿಲೀಟ್ ಮಾಡಬೇಡಿ, ಅದೇ ಸಾಕ್ಷಿ. ಪಕ್ಕದ ಮನೆಯವರ ಮೇಲೂ ಕೋಪ ಬೇಡ. ಅವರ ಫೋನೂ ಹೀಗೇ ಕೆಟ್ಟಿರಬಹುದು.

ಬ್ಯಾಂಕಿನವರ ಮಾತೇ ಕೊನೆಯಲ್ಲ. ರಿಸರ್ವ್ ಬ್ಯಾಂಕ್ 2017ರಲ್ಲಿ ತಂದ ನಿಯಮದ ಪ್ರಕಾರ, ತಪ್ಪು ಗ್ರಾಹಕರದ್ದು ಎಂದು ಸಾಬೀತು ಮಾಡಬೇಕಾದ್ದು ಬ್ಯಾಂಕೇ. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ದುಡ್ಡು ಹೋಗಿದ್ದು, 3 ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬರುವುದಿಲ್ಲ. ಎಪಿಕೆ ಹಾಕಿಕೊಂಡಿದ್ದನ್ನು ಅವರು ಅಜಾಗ್ರತೆ ಅಂತ ವಾದಿಸಬಹುದು, ಅದನ್ನು ಮುಚ್ಚಿಡದೆ ಹೇಳುತ್ತೇನೆ. ಹಾಗಿದ್ದರೂ, ನೀವು ತಿಳಿಸಿದ ಮೇಲೆ ಹೋಗುವ ದುಡ್ಡಿಗೆ ಬ್ಯಾಂಕೇ ಹೊಣೆ. ಅದಕ್ಕೇ ಇವತ್ತೇ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗೋಣ.

ಪ್ರಶ್ನೆ (ಚಿಂತಾಮಣಿ): ನಮ್ಮ ಭಾವನಿಗೆ ಠಾಣೆಯಲ್ಲಿ ‘ಸೈಬರ್ ಕೇಸ್ ಇಲ್ಲಿ ತಗೊಳಲ್ಲ’ ಅಂದಿದ್ದರು ಸಾರ್.

ಉತ್ತರ: ತಗೊಳ್ಳಲೇಬೇಕು. ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿ ಬದಲು ಬಂದ ಕಾನೂನು) 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಒಪ್ಪದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ. ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ ಕೇಸನ್ನು ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನವರೇ ತನಿಖೆ ಮಾಡಬೇಕು, ನಿಜ. ಅದಕ್ಕೆಂದೇ ಜಿಲ್ಲೆಗೊಂದು ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಠಾಣೆ ಇದೆ. ಆದರೆ ಅದು ತನಿಖೆಯ ಮಾತು, ದೂರು ವಾಪಸ್ ಕಳಿಸಲು ಕಾರಣ ಅಲ್ಲ. ದೂರಿನಲ್ಲಿ ಐಟಿ ಕಾಯ್ದೆಯ ಕಲಂ 66ಸಿ, 66ಡಿ ಅಂತ ಬರೆಯಿರಿ. ಬೇರೆಯವರ ಗುರುತು ಕದ್ದು, ವೇಷ ಹಾಕಿ ಮೋಸ ಮಾಡಿದ್ದಕ್ಕೆ 3 ವರ್ಷದವರೆಗೆ ಜೈಲು.

ಪ್ರಶ್ನೆ (ಗೌರಿಬಿದನೂರು): ಒಂದು ಸಾಲದ ಆ್ಯಪ್‌ನವರು ನನ್ನ ಫೋಟೋ ಕೆಟ್ಟದಾಗಿ ತಿದ್ದಿ ನೆಂಟರಿಗೆಲ್ಲ ಕಳಿಸಿದ್ದಾರೆ. ಸಾಲ ತಗೊಂಡಿದ್ದು ನಿಜ. ದೂರು ಕೊಡಬಹುದಾ?

ಉತ್ತರ: ಖಂಡಿತ ಕೊಡಿ ತಂಗಿ. ಸಾಲ ಬೇರೆ, ಮಾನ ಬೇರೆ. ಅಶ್ಲೀಲ ಚಿತ್ರ ಹಂಚಿದ್ದಕ್ಕೆ ಐಟಿ ಕಾಯ್ದೆಯ 67ನೇ ಕಲಂ ಇದೆ. ಬೆದರಿಕೆಗೆ ನ್ಯಾಯ ಸಂಹಿತೆ (ಹಳೇ ಐಪಿಸಿ ಬದಲು ಬಂದ ಕಾನೂನು) ಇದೆ. ಸಾಲದ ಆ್ಯಪ್‌ಗಳು ಫೋನಿನ ನಂಬರ್ ಪಟ್ಟಿಗೆ, ಫೋಟೋಗಳಿಗೆ ಕೈ ಹಾಕಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ಕೊಟ್ಟಿತು. ಆ ಕೇಸ್ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ನನಗೆ ಇದು ಹೆಮ್ಮೆ. ನಮ್ಮ ಖಾಸಗಿ ಮಾಹಿತಿ ಕಾಪಾಡಲು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು. ಅದರಲ್ಲಿ 250 ಕೋಟಿವರೆಗೆ ದಂಡ ಇದೆ. ಆದರೆ ನಿಯಮ ಬಂದಿದ್ದು 2025ರ ನವೆಂಬರಿನಲ್ಲಿ, ಮುಖ್ಯ ಕಲಂಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು. ಅದಕ್ಕೆ ಕಾಯಬೇಡಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಇವತ್ತೇ ಠಾಣೆಗೆ ಹೋಗಿ.

ಶಿಡ್ಲಘಟ್ಟ: ಸಾರ್, 1930ಕ್ಕೆ ಮಾಡಿದೆ. ದೂರಿನ ನಂಬರ್ ಕೊಟ್ಟರು. 31,000 ತಡೆಹಿಡಿದಿದ್ದಾರಂತೆ!

ಉತ್ತರ: ಒಳ್ಳೇದಾಯ್ತು. ಆ ನಂಬರ್ ಹಾಕಿ ಬ್ಯಾಂಕಿಗೆ ದೂರು ಬರೆಯಿರಿ. ಆ ದುಡ್ಡು ಬಿಡಿಸಲು ಕೋರ್ಟ್ ಆದೇಶ ಬೇಕು ಅಂದರೆ ಅರ್ಜಿ ನಾನೇ ಬರೆದುಕೊಡುತ್ತೇನೆ, ಫೀಸ್ ಬೇಡ. ಬರುವಾಗ ಪಾಸ್‌ಬುಕ್ ತನ್ನಿ. ಅಪ್ಪನಿಗೆ ಊಟ ಮಾಡಿಸಿಕೊಂಡು ಜೊತೆಯಲ್ಲೇ ಕರ್ಕೊಂಡು ಬನ್ನಿ.