ಪುತ್ತರಿ ಸ್ಟಿಕ್ಕರ್ ಪ್ಯಾಕ್: ಒತ್ತಕ್ಷರ ಯಾಕೆ ಒಡೆಯುತ್ತೆ?

ಹಾರಂಗಿ: ಕೊಡಗು ಮೀಮ್ ಗುಂಪಿಗೆ ಪುತ್ತರಿ (ನಮ್ಮ ಸುಗ್ಗಿ ಹಬ್ಬ ಹುತ್ತರಿ) ಹೊತ್ತಿಗೆ ವಾಟ್ಸಾಪ್ ಸ್ಟಿಕ್ಕರ್ ಪ್ಯಾಕ್ ಬೇಕು. ಫೋಟೋಶಾಪ್‌ನಲ್ಲಿ ‘ಪುತ್ತರಿ’ ಅಂತ ಹಾಕಿದ್ರೆ ಒತ್ತು ಕೆಳಗೆ ಕೂರದೆ ‘ಪುತ್‌ತರಿ’ ಆಗ್ತಿದೆ, ಹಬ್ಬದ ಕೂಗು ‘ಪೊಲಿ ಪೊಲಿ ದೇವಾ’ದಲ್ಲಿ ಗುಡಿಸು ಬೇರೆ ಬೀಳುತ್ತೆ. ಫಾಂಟ್ ಬದಲಿಸಿದ್ರೂ ಅಷ್ಟೇ.

ಮಂಜು_ಮಡಿಕೇರಿ: ಫಾಂಟ್‌ನ ತಪ್ಪಲ್ಲ, ಅಕ್ಷರ ಜೋಡಿಸೋ ಎಂಜಿನ್‌ದು. ಹಳೇ ಆವೃತ್ತಿಯ ಫೋಟೋಶಾಪ್ ಆದ್ರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’ ಅಥವಾ ‘ವರ್ಲ್ಡ್ ರೆಡಿ’ ಅಂತ ಇರೋದನ್ನ ಆರಿಸಿ, ಫೋಟೋಶಾಪ್ ಮುಚ್ಚಿ ತೆಗೀರಿ. ಹಳೇ ಫೈಲ್‌ನ ಪಠ್ಯ ತಾನಾಗಿ ಸರಿಹೋಗದಿದ್ರೆ ಹೊಸ ಲೇಯರ್‌ನಲ್ಲಿ ಮತ್ತೆ ಟೈಪ್ ಮಾಡಿ. ಇಂಕ್‌ಸ್ಕೇಪ್ ಅನ್ನೋ ಉಚಿತ ಚಿತ್ರ ತಂತ್ರಾಂಶದಲ್ಲಿ ಈ ತಾಪತ್ರಯವೇ ಇಲ್ಲ.

ಗೋಣಿಕೊಪ್ಪ_ಡಿಟಿಪಿ: ಇಷ್ಟೆಲ್ಲ ಯಾಕೆ? ‘ನುಡಿ’ ಕನ್ನಡ ತಂತ್ರಾಂಶದ ಹಳೇ ಆಸ್ಕಿ ಫಾಂಟ್ ಹಾಕಿ. ಕಂಪ್ಯೂಟರ್‌ಗೆ ಅದು ಇಂಗ್ಲಿಷ್ ಅಕ್ಷರವೇ, ಜೋಡಿಸೋ ಕೆಲಸವೇ ಬರಲ್ಲ. ಚಿತ್ರದಲ್ಲಿ ಒಡೆಯೋಕೆ ಏನಿದೆ?

ಮಂಜು_ಮಡಿಕೇರಿ: ಒಡೆಯಲ್ಲ, ಒಪ್ತೀನಿ. ಆದರೆ ಗುಂಪಿನಲ್ಲಿ ಐದಾರು ಜನ ಸೇರಿ ಮಾಡೋ ಕೆಲಸ ಇದು. ಮೊಬೈಲ್‌ನಲ್ಲಿ ಟೈಪ್ ಮಾಡಿ ಕಳಿಸಿದ ಸಾಲು ಯೂನಿಕೋಡ್, ಅಂದ್ರೆ ಕನ್ನಡ ಅಕ್ಷರಕ್ಕೆ ಅದರದ್ದೇ ಸಂಕೇತ. ಅದನ್ನ ನುಡಿ ಫಾಂಟ್ ಇರೋ ಜಾಗಕ್ಕೆ ಪೇಸ್ಟ್ ಮಾಡಿದ್ರೆ ಕೆಲಸಕ್ಕೆ ಬರಲ್ಲ, ಪ್ರತಿ ಸಲ ಪರಿವರ್ತಕಕ್ಕೆ ಹಾಕಬೇಕು. ಬಲೂ ತಮ್ಮ, ಅನೇಕ್ ಕನ್ನಡ ಅನ್ನೋ ಯೂನಿಕೋಡ್ ಫಾಂಟ್ ಎರಡಕ್ಕೂ ದಪ್ಪ ಅಕ್ಷರದ ರೂಪ ಇದೆ, ಉಚಿತ.

ಕಾಫಿಹೂ: ಮೀಮ್ ಅಂದ್ರೆ ಇಂಪ್ಯಾಕ್ಟ್ ಫಾಂಟ್ ಅಂತ ಕೆಲವರು ಹಟ ಹಿಡೀತಾರೆ. ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ, ಆ್ಯಪ್ ಯಾವುದೋ ತೆಳು ಫಾಂಟ್ ತಂದು ಹಾಕುತ್ತೆ. ಇನ್ನೊಂದು, ಅಂಚಿನ ಗೆರೆ ಅಕ್ಷರದ ಹೊರಗೆ ಬರಬೇಕು. ಒಳಗೆ ಅಥವಾ ನಡುವೆ ಕೊಟ್ರೆ ತ-ಒತ್ತಿನ ಹೊಟ್ಟೆ ಮುಚ್ಚಿ ಮಸಿ ಬಿದ್ದ ಹಾಗೆ ಕಾಣುತ್ತೆ. ಸಾಲಿನ ಅಂತರ ಕನಿಷ್ಠ 1.4 ಇಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಬಾರದು.

ಹಾರಂಗಿ: ಎಂಜಿನ್ ಬದಲಿಸಿದೆ, ಒತ್ತು ಕೂತಿತು! ಅಳತೆ ಹೇಳಿ.

ಮಂಜು_ಮಡಿಕೇರಿ: ಚಿತ್ರ ಸರಿಯಾಗಿ 512×512 ಪಿಕ್ಸೆಲ್, ವೆಬ್‌ಪಿ (ಚಿತ್ರದ ಫೈಲ್ ನಮೂನೆ), ಹಿನ್ನೆಲೆ ಪಾರದರ್ಶಕ, 100 ಕೆಬಿ ಒಳಗೆ. ಚಲಿಸೋದಾದ್ರೆ 500 ಕೆಬಿ. ಸುತ್ತ 16 ಪಿಕ್ಸೆಲ್ ಜಾಗ ಬಿಡಿ, ಹೊರಗೆ 8 ಪಿಕ್ಸೆಲ್ ಬಿಳಿ ಗೆರೆ ಕೊಡಿ. ಗೆರೆ ಇಲ್ಲದಿದ್ರೆ ಡಾರ್ಕ್ ಮೋಡ್‌ನಲ್ಲಿ ಕಪ್ಪು ಅಕ್ಷರ ಮಾಯ. ಪ್ಯಾಕ್‌ಗೆ 3ರಿಂದ 30 ಸ್ಟಿಕ್ಕರ್, ಸ್ಥಿರ ಮತ್ತು ಚಲಿಸೋದನ್ನ ಬೆರೆಸೋ ಹಾಗಿಲ್ಲ. ಕೆಬಿ ಮಿತಿ ಮೀರಿದ್ರೆ ಪಿಕ್ಸೆಲ್ ಅಳತೆ ಇಳಿಸಬೇಡಿ, ಗುಣಮಟ್ಟವನ್ನ 75ಕ್ಕೆ ಇಳಿಸಿ.

ಗೋಣಿಕೊಪ್ಪ_ಡಿಟಿಪಿ: ಮಾತು ಎರಡು ಸಾಲು ಮೀರಬಾರದು. ಚಾಟ್‌ನಲ್ಲಿ ಸ್ಟಿಕ್ಕರ್ ಸಣ್ಣದಾಗಿ ಕಾಣೋದು. ಉದ್ದ ಡೈಲಾಗ್ ಇದ್ರೆ ಮಾಮೂಲಿ ಮೀಮ್ ಚಿತ್ರವೇ ಸರಿ.

ಹಾರಂಗಿ: ಮಳೆ ಸ್ಟಿಕ್ಕರ್‌ಗೆ 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಫೋಟೋ ಬಳಸಬಹುದಾ?

ಕಾಫಿಹೂ: ಖಂಡಿತ ಬೇಡ. ಹಿನ್ನೆಲೆ ಕತ್ತರಿಸಿದ ಮೇಲೆ ಊರು, ದಿನಾಂಕ ಏನೂ ಉಳಿಯಲ್ಲ. ಜೋರು ಮಳೆ ಬಂದಾಗ ಇವತ್ತಿನದೇ ಅಂತ ಹರಡಿ ಜನ ಗಾಬರಿಯಾಗ್ತಾರೆ. ಆಗ ಗುಡ್ಡ ಕುಸಿದ ಮಕ್ಕಂದೂರು, ಜೋಡುಪಾಲದ ಕಡೆಯವರ ಫೋನಿಗೂ ಹೋಗುತ್ತೆ, ಅವರಿಗೆ ಅದು ತಮಾಷೆಯಲ್ಲ. ಜಿಗಣೆ, ಕೊಡೆ, ಕರೆಂಟ್ ಹೋದ ಮನೆಯ ಮೇಣದಬತ್ತಿ ಬಿಡಿಸಿ. ಮಳೆಗಾಲದ ನಗುವಿಗೆ ಅಷ್ಟು ಧಾರಾಳವಾಗಿ ಸಾಕು.

ಗೋಣಿಕೊಪ್ಪ_ಡಿಟಿಪಿ: ಇದಕ್ಕೆ ನನ್ನದೂ ಸಹಮತ. ಜಿಗಣೆ ನಾನೇ ಬಿಡಿಸ್ತೀನಿ. ಪ್ಯಾಕ್‌ನ ಐಕಾನ್ 96×96, 50 ಕೆಬಿ ಒಳಗೆ ಇರಬೇಕು, ಅದಕ್ಕೆ ಅಕ್ಷರ ಹಾಕಬೇಡಿ, ಓದೋಕೆ ಬರಲ್ಲ.