ವಚನ ಮೆಲ್ಲಗೆ, ಡಿಜೆ ಜೋರು

ವಿಜಯಪುರದ ಗಾಂಧಿ ಚೌಕದ ಹತ್ತಿರ ಸಂಜೆ ಚಹಾ. ಟೇಲರ್ ಗೆಳೆಯ ಬಂದವನೇ ಲ್ಯಾಪ್‌ಟಾಪಿಗೆ ಬೈಯಲು ಶುರು ಮಾಡಿದ. ಉಬುಂಟು ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿಸಿಕೊಂಡ ಮೇಲೆ ಅಂಗಡಿಯ ಹಾಡೆಲ್ಲ ಅದರಲ್ಲೇ.

"ವಚನ ಕೇಳಿಸುವುದಿಲ್ಲ ಅಂತ ವಾಲ್ಯೂಮ್ ಏರಿಸುತ್ತೇನೆ. ಮುಂದಿನದು ಡಿಜೆ ಹಾಡು. ಸೊಂಟದ ಅಳತೆ ಕೊಡುತ್ತಿದ್ದ ಗಿರಾಕಿ ಹೌಹಾರಿ ಉಸಿರು ಒಳಗೆಳೆದ. ಈಗ ಪ್ಯಾಂಟು ಬಿಗಿ ಅಂತ ಜಗಳ!"

"ಗೋಲಗುಮ್ಮಟದಲ್ಲಿ ಪಿಸುಗುಟ್ಟಿದರೂ ಆಚೆ ಬದಿಗೆ ಕೇಳುತ್ತದೆ. ವಚನ ಅಲ್ಲೇ ಹಚ್ಚು" ಎಂದರು ಮಾಸ್ತರು.

ಕಂಪ್ಯೂಟರ್ ರಿಪೇರಿಯ ಗೆಳೆಯ ನಗಲಿಲ್ಲ. "ಹಾಡುಗಳ ಸದ್ದು ಸಮ ಮಾಡುವ ರಿಪ್ಲೇಗೇನ್ ಹಾಕಿದೆಯೇನು?"

"ಹಾಕಿದೆನಪ್ಪ. ಅದರ ಲೆಕ್ಕ ಹಾಕುವ ಪ್ರೋಗ್ರಾಂಗೆ ಆರ್‌ಎಸ್‌ಗೇನ್ ಈಸಿ ಅಂತ ಕಮಾಂಡ್ ಕೊಟ್ಟು ಫೋಲ್ಡರ್ ಹೆಸರು ಬರೆದೆ. ಏನೂ ಬದಲಾಗಲಿಲ್ಲ."

"ಎಲ್ಲ ಹಾಡೂ ಒಂದೇ ಫೋಲ್ಡರಿನಲ್ಲಿ ಇವೆಯಾ?"

"ಡೌನ್‌ಲೋಡ್ಸ್‌ನಲ್ಲಿ. ಇನ್ನೆಲ್ಲಿ ಇರಬೇಕು?"

ರೋಗ ಸಿಕ್ಕಿತು. ಆರ್‌ಎಸ್‌ಗೇನ್ ಒಂದು ಫೋಲ್ಡರ್ ಅಂದರೆ ಒಂದು ಆಲ್ಬಮ್ ಅಂದುಕೊಳ್ಳುತ್ತದೆ. ಆಲ್ಬಮ್ ಗೇನ್, ಅಂದರೆ ಸದ್ದು ಏರಿಸುವ-ಇಳಿಸುವ ಲೆಕ್ಕ, ಎಲ್ಲಾ ಹಾಡಿಗೂ ಒಂದೇ ಸಂಖ್ಯೆ. ರಾಗದ ಆಲಾಪ ಮೆಲ್ಲಗೆ, ದ್ರುತ್ ಜೋರು ಇರಬೇಕಲ್ವಾ? ಆ ಅಂತರ ಉಳಿಸಲಿಕ್ಕೇ ಅದು ಇರುವುದು. ವಚನ, ಡಿಜೆ ಎರಡನ್ನೂ ಒಂದೇ ಆಲ್ಬಮ್ ಮಾಡಿದರೆ ಅವುಗಳ ಅಂತರವನ್ನೂ ಭಕ್ತಿಯಿಂದ ಉಳಿಸುತ್ತದೆ. ಹಾಡಿಗೊಂದು ಲೆಕ್ಕ ಬೇಕಾದರೆ ಟ್ರ್ಯಾಕ್ ಗೇನ್. ಅದೂ ಅಷ್ಟೊತ್ತಿಗೇ ಟ್ಯಾಗಿನಲ್ಲಿ ಬರೆದಿರುತ್ತದೆ. ಪ್ಲೇಯರಿನ ಸೆಟ್ಟಿಂಗನ್ನು ಆಲ್ಬಮ್ ಬಿಟ್ಟು ಟ್ರ್ಯಾಕ್ ಅಂತ ಬದಲಿಸಿದರೆ ಸಾಕು.

"ಎಂಪಿಡಿ ಅನ್ನುವ ಪ್ಲೇಯರಿನಲ್ಲಿ ಆಟೋ ಅಂತಲೂ ಇದೆ. ರ್‍ಯಾಂಡಮ್ ಹಾಕಿದರೆ ಟ್ರ್ಯಾಕ್, ಇಲ್ಲದಿದ್ದರೆ ಆಲ್ಬಮ್."

ಮಾಸ್ತರಿಗೆ ಸಂಶಯ. "ಹಾಡಿನ ಒಳಗೆ ಕೈ ಹಾಕಿದ ಹಾಗಾಯ್ತಲ್ಲ?"

"ಇಲ್ಲ ಮಾಸ್ತರ. ಇಷ್ಟು ಡೆಸಿಬೆಲ್ ಇಳಿಸು ಅಂತ ಚೀಟಿ ಅಂಟಿಸುತ್ತದೆ, ಅಷ್ಟೇ. ಡೇವಿಡ್ ರಾಬಿನ್ಸನ್ 2001ರಲ್ಲಿ ಹೇಳಿದ ಉಪಾಯ. ಈಗಿನದರ ಗುರಿ ಮೈನಸ್ 18 ಲಫ್ಸ್. ಕಿವಿಗೆ ಅನ್ನಿಸುವ ಸದ್ದಿನ ಅಳತೆ ಅದು. ಹಾಡು ಅದಕ್ಕಿಂತ ಜೋರಾಗಿ ಮೈನಸ್ 9 ಇದ್ದರೆ 9 ಡೆಸಿಬೆಲ್ ಇಳಿಸುತ್ತದೆ. ಬರೀ ಪೀಕ್, ಅಂದರೆ ಅತಿ ಜೋರಿನ ಒಂದು ಕ್ಷಣ, ನೋಡುವುದಿಲ್ಲ. ಪೀಕ್ ನಂಬಿದರೆ ಒಂದು ತಬಲಾ ಪೆಟ್ಟಿಗೆ ಇಡೀ ಹಾಡು ಜೋರು ಅಂತ ಲೆಕ್ಕವಾಗುತ್ತದೆ."

"ಹಾಗಾದರೆ ನನ್ನ ಕ್ಯಾಸೆಟ್ಟಿನ ವಚನ?"

"ಏರುತ್ತದೆ. ಸುಯ್ಯ್ ಅನ್ನುವ ಸದ್ದೂ ಏರುತ್ತದೆ. ಅದು ಪುಕ್ಕಟೆ."

ಅಷ್ಟರಲ್ಲಿ ಗೂಡ್ಸ್ ಗಾಡಿಯ ಗೆಳೆಯ ಬಾಯಿ ಹಾಕಿದ. ಟೇಲರನ ಪೆನ್ ಡ್ರೈವ್ ಅವನ ಡೆಕ್ಕಿನಲ್ಲಿದೆ. ಅಂಥ ಡೆಕ್ಕು ಸಾಮಾನ್ಯವಾಗಿ ಈ ಚೀಟಿ ಓದುವುದೇ ಇಲ್ಲ. ಅದಕ್ಕೆ ಎಂಪಿ3ಗೇನ್ ಅನ್ನುವ ಪ್ರೋಗ್ರಾಂ ಬೇಕು. ಎಂಪಿ3 ಒಳಗಿನ ಗೇನ್ ಸಂಖ್ಯೆಯನ್ನೇ ಒಂದೂವರೆ ಡೆಸಿಬೆಲ್ ಮೆಟ್ಟಿಲಿನಲ್ಲಿ ತಿದ್ದುತ್ತದೆ. ಮತ್ತೆ ಎನ್‌ಕೋಡ್ ಮಾಡುವುದಿಲ್ಲ, ಬೇಡವಾದರೆ ಹಿಂದಕ್ಕೂ ತರಬಹುದು.

"ಪೆನ್ ಡ್ರೈವ್ ಹಿಂದಕ್ಕೆ ತರುವ ಕಮಾಂಡ್ ಯಾವುದು?" ಅಂದ ಟೇಲರ್.

ಗೂಡ್ಸ್ ಗಾಡಿಯವನು ಇನ್ನೊಂದು ಚಹಾ ಹೇಳಿದ.